ಓಓಡಿ ಮೇಷ್ಟ್ರು

ನಮ್ಮ ಕ್ಲಸ್ಟರಿನ ಶಾಲೆಯೊಂದರ ಹಾಜರಿ ಪುಸ್ತಕ ತೆರೆದರೆ ಒಬ್ಬರ ಹೆಸರಿನ ಮುಂದೆ ಸಹಿಗಿಂತ ಹೆಚ್ಚಾಗಿ ಕೆಂಪು ಶಾಯಿಯ 'ಓಓಡಿ' ಕಾಣುತ್ತದೆ. ಅನ್ಯ ಕಾರ್ಯ ನಿಮಿತ್ತ ಹೊರಗೆ ಹೋಗಿದ್ದಾರೆ ಎಂದು ಅದರರ್ಥ. ಮೇಷ್ಟ್ರಿಗೆ ತಂದೆ-ತಾಯಿ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಬಿಇಒ ಆಫೀಸಿನ ಗುಮಾಸ್ತರಿಂದ ಹಿಡಿದು ಬಿಸಿಯೂಟದ ಅಕ್ಕನವರೆಗೆ ಎಲ್ಲರೂ ಅವರನ್ನು ಓಓಡಿ ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರಿಗೂ ಬೇಸರವಿಲ್ಲ.

ಇಂಥವರು ನಿಮ್ಮ ತಾಲ್ಲೂಕಿನಲ್ಲೂ ಇದ್ದಾರೆ, ಗುರುತು ಹಿಡಿಯುವುದು ಕಷ್ಟವಲ್ಲ. ಹೆಗಲಲ್ಲಿ ಒಂದು ಶಿಬಿರದ ಹೆಸರು ಅಚ್ಚಾದ ಬಟ್ಟೆ ಚೀಲ. ಜೇಬಿನಲ್ಲಿ ಇನ್ನೊಂದು ಶಿಬಿರದ ಪೆನ್ನು. ಕೈಯಲ್ಲಿ ಮತ್ತೊಂದರ ನೋಟ್‌ಪ್ಯಾಡು. ಅದರ ಮೊದಲ ಪುಟದಲ್ಲಿ 'ಉದ್ಘಾಟನೆ' ಎಂದು ದುಂಡಗೆ ಬರೆದು ಎರಡು ಅಡಿಗೆರೆ ಎಳೆದಿರುತ್ತಾರೆ. ಎರಡನೆಯ ಪುಟದಿಂದ ಮನೆಯ ದಿನಸಿ ಪಟ್ಟಿ ಶುರು.

ತರಬೇತಿ ಎಂದ ಕೂಡಲೇ ನಮ್ಮಂಥವರಿಗೆ ಬೆನ್ನುನೋವು ಬರುತ್ತದೆ, ಇಲ್ಲವೇ ದೂರದ ನೆಂಟರ ತಿಥಿ ನೆನಪಾಗುತ್ತದೆ. ಮೇಷ್ಟ್ರದು ಬೇರೆ ಜಾಯಮಾನ. ಸಿಆರ್‌ಪಿ ಫೋನು ಮಾಡಿ "ಸಾರ್, ನಿಮ್ಮ ಕಡೆಯಿಂದ ಒಬ್ರನ್ನ..." ಎನ್ನುವಷ್ಟರಲ್ಲೇ "ಎಷ್ಟು ದಿನ? ವಸತಿ ಸಹಿತವೋ, ರಹಿತವೋ?" ಎಂದು ಕೇಳಿರುತ್ತಾರೆ. ವಿಷಯ ಯಾವುದೆಂದು ಕೇಳಿದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಗಣಿತ ಕಿಟ್ ಆಗಲಿ, ಯೋಗವಾಗಲಿ, ವಿಪತ್ತು ನಿರ್ವಹಣೆಯಾಗಲಿ, ಅವರು ಸಿದ್ಧ. ಒಮ್ಮೆ ಕಿಶೋರಿಯರ ಆರೋಗ್ಯದ ಬಗ್ಗೆ ಶಿಕ್ಷಕಿಯರಿಗಾಗಿ ನಡೆದ ಶಿಬಿರಕ್ಕೂ ಹೋಗಿ ಕೂತಿದ್ದರು. ಆಕ್ಷೇಪಿಸಿದವರಿಗೆ ಸುತ್ತೋಲೆ ತೋರಿಸಿ, "ಶಿಕ್ಷಕರು ಅಂತ ಇದೆ ನೋಡಿ, ಅದರಲ್ಲಿ ನಾನೂ ಬರ್ತೀನಿ" ಎಂದು ವಾದಿಸಿ ಗೆದ್ದು, ಪ್ರಮಾಣಪತ್ರ ಹಿಡಿದುಕೊಂಡೇ ಮನೆಗೆ ಬಂದರು.

ಅವರ ಸೇವಾ ಪುಸ್ತಕ ಓದಿದರೆ ಈ ನಾಡಿನ ಪ್ರಾಥಮಿಕ ಶಿಕ್ಷಣದ ಚರಿತ್ರೆ ಓದಿದಂತೆಯೇ. ಪ್ರತಿ ಶಿಕ್ಷಕನಿಗೂ ಐದು ವರ್ಷಕ್ಕೊಮ್ಮೆ ಎರಡು-ಮೂರು ತಿಂಗಳ ಸೇವಾನಿರತ ತರಬೇತಿ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1986ರ ಶಿಕ್ಷಣ ನೀತಿಯ ದೆಸೆಯಿಂದ ಜಿಲ್ಲೆ ಜಿಲ್ಲೆಗೆ ಡಯಟ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆ ಬಂತು. ಮೇಷ್ಟ್ರು ಟಿಸಿಎಚ್ ಮುಗಿಸಿ 1990ರ ದಶಕದ ಆರಂಭದಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ತರಬೇತಿಯ ಬಾಗಿಲು ಪೂರ್ತಿ ತೆರೆದಿತ್ತು. ಅಲ್ಲಿಂದಾಚೆಗೆ ಅವರು ನಲಿಕಲಿ ಕಂಡರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೊತ್ತು ತಂದ ಜ್ಞಾನ ರಚನಾವಾದ ಕಂಡರು. ಸಿಸಿಇ, 5ಇ, ಗುರುಚೇತನ, ನಿಷ್ಠಾ, ಕಲಿಕಾ ಚೇತರಿಕೆ, ಯಾವುದನ್ನೂ ಬಿಡಲಿಲ್ಲ. ಪ್ರತಿ ಹೊಸ ತರಬೇತಿಯೂ ಹಿಂದಿನದು ಹೇಗೆ ಸಾಲದು ಎಂಬುದರಿಂದಲೇ ಶುರುವಾಗುತ್ತಿತ್ತು. ಆಗೆಲ್ಲ ಮೇಷ್ಟ್ರು ಪಕ್ಕದವರ ಕಡೆ ವಾಲಿ, "ಇದನ್ನ ನಾನು ಅವತ್ತೇ ಹೇಳಿದ್ದೆ" ಎನ್ನುತ್ತಿದ್ದರು.

ಮರುದಿನ ಶಾಲೆಗೆ ಬಂದು ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ, "ಏಳರ ಮಗ್ಗಿ ಹೇಳ್ರೋ" ಎನ್ನುತ್ತಿದ್ದರು. ಮೂವತ್ತು ವರ್ಷದ ಹಿಂದೆಯೂ ಏಳರ ಮಗ್ಗಿಯೇ. "ಸಾರ್, ರಚನಾವಾದ ಏನಾಯ್ತು?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ನನಗೆ 2012ರಲ್ಲೇ ಆಗಿದೆ" ಎಂದರು. ತರಬೇತಿಯೆಂದರೆ ಅವರ ಮಟ್ಟಿಗೆ ಮಕ್ಕಳಿಗೆ ಲಸಿಕೆ ಹಾಕಿಸಿದ ಹಾಗೆ. ಒಮ್ಮೆ ಆಯಿತೆಂದರೆ ಆಯಿತು, ಆ ಕಾಯಿಲೆ ಮತ್ತೆ ಹತ್ತಿರ ಸುಳಿಯುವುದಿಲ್ಲ.

ಶಿಬಿರದಲ್ಲಿ ಅವರನ್ನು ನೋಡಬೇಕು. ಮೂರನೆಯ ಸಾಲಿನ ಕಂಬದ ಪಕ್ಕದ ಕುರ್ಚಿ ಅವರದು, ಮೇಲೆ ಫ್ಯಾನು. ಮೊದಲ ಸಾಲಿನವರಿಗೆ ಪ್ರಶ್ನೆ ಬೀಳುತ್ತದೆ, ಕೊನೆಯ ಸಾಲಿನವರು ಬಿಇಒ ಕಣ್ಣಿಗೆ ಬೀಳುತ್ತಾರೆ, ಕಂಬದ ಮರೆಯವರ ಮೇಲೆ ಗಾಳಿಯೊಂದೇ ಬೀಳುತ್ತದೆ ಎಂಬುದು ಅವರು ದಶಕಗಳ ಅವಲೋಕನದಿಂದ ಕಟ್ಟಿಕೊಂಡ ಜ್ಞಾನ. ಸ್ವಂತ ಜ್ಞಾನವನ್ನು ತಾನೇ ಕಟ್ಟಿಕೊಳ್ಳುವುದಕ್ಕಲ್ಲವೆ ರಚನಾವಾದ ಎನ್ನುವುದು! ಉಪ್ಪಿಟ್ಟು ಮುಗಿದ ಮೇಲೆ ಐಸ್ ಬ್ರೇಕಿಂಗ್. ಅಂದರೆ ಐವತ್ತು ದಾಟಿದವರೆಲ್ಲ ವೃತ್ತಾಕಾರ ನಿಂತು, ತಮ್ಮ ಹೆಸರಿನ ಮೊದಲ ಅಕ್ಷರದಿಂದ ಒಂದು ಹಣ್ಣಿನ ಹೆಸರು ಹೇಳಿ ಚಪ್ಪಾಳೆ ತಟ್ಟುವುದು. ಆಮೇಲೆ ಕಾವೇರಿ, ತುಂಗಾ, ಶರಾವತಿ, ಕೃಷ್ಣಾ ಎಂದು ತಂಡಗಳಾಗುತ್ತವೆ. ಮೇಷ್ಟ್ರು ಮೊದಲಿಗೆ ಸ್ಕೆಚ್ ಪೆನ್ನಿಗೆ ಕೈ ಹಾಕುತ್ತಾರೆ. ಸ್ಕೆಚ್ ಪೆನ್ನು ಹಿಡಿದವನು ಬರೆಯುವವನು, ಬರೆಯುವವನು ಯೋಚಿಸಬೇಕಾಗಿಲ್ಲ, ಮಂಡಿಸಬೇಕಾಗಿಯೂ ಇಲ್ಲ. ಚಾರ್ಟಿನ ನಾಲ್ಕು ಅಂಚಿಗೂ ಹೂಬಳ್ಳಿ ಬಿಡಿಸುವಷ್ಟರಲ್ಲಿ ಊಟದ ಗಂಟೆ.

ಊಟದ ನಂತರದ ಅವಧಿಗೆ ಬೇರೆಯೇ ಸಾಧನೆ ಬೇಕು. ಕಣ್ಣು ತೆರೆದೇ ನಿದ್ರಿಸುವ ವಿದ್ಯೆ ಮೇಷ್ಟ್ರಿಗೆ ಒಲಿದಿದೆ. ಎರಡು ನಿಮಿಷಕ್ಕೊಮ್ಮೆ ತಲೆ ತಾನಾಗಿ ಆಡುತ್ತದೆ. ಸಂಪನ್ಮೂಲ ವ್ಯಕ್ತಿ ಸಂಶಯಪಟ್ಟು "ನೀವೇನಂತೀರಿ ಮೇಷ್ಟ್ರೇ?" ಎಂದು ಹಠಾತ್ತನೆ ತಿರುಗಿದರೂ ಗಾಬರಿಯಿಲ್ಲ. "ಒಟ್ಟಿನಲ್ಲಿ ಮಗು ಕೇಂದ್ರಿತವಾಗಿರಬೇಕು ಸಾರ್." ಇಂಗ್ಲಿಷ್ ವ್ಯಾಕರಣದ ತರಗತಿಯಲ್ಲೂ ಈ ಉತ್ತರ ನಡೆದಿದೆ, ಶೌಚಾಲಯ ನಿರ್ವಹಣೆಯ ತರಗತಿಯಲ್ಲೂ ನಡೆದಿದೆ. ಕೊನೆಗೆ ಹಿಮ್ಮಾಹಿತಿ ನಮೂನೆ. ಅದರಲ್ಲಿ ಅವರು ಬರೆಯುವ ವಾಕ್ಯ ಒಂದೇ: 'ತರಬೇತಿ ಬಹಳ ಉಪಯುಕ್ತವಾಗಿತ್ತು, ಇನ್ನೆರಡು ದಿನ ಇದ್ದಿದ್ದರೆ ಚೆನ್ನಾಗಿತ್ತು.' ಎರಡನೆಯ ಅರ್ಧವನ್ನು ಅವರು ಮನಸ್ಸಿಟ್ಟು ಬರೆಯುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದು, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ವಿಕಾಸದ ಕಲಿಕೆಯಲ್ಲಿ ತೊಡಗಬೇಕು ಎಂದಾಗ ನಾವೆಲ್ಲ ಬೆಚ್ಚಿದೆವು. ಮೇಷ್ಟ್ರು ಮಾತ್ರ, ಇಷ್ಟು ವರ್ಷದ ತಮ್ಮ ತಪಸ್ಸಿಗೆ ದೆಹಲಿಯೇ ಮುದ್ರೆ ಒತ್ತಿತೆಂದು ಭಾವಿಸಿದರು. ಅದೇ ವರ್ಷ ಕೋವಿಡ್ ಕಾರಣಕ್ಕೆ ನಿಷ್ಠಾ ತರಬೇತಿ ದೀಕ್ಷಾ ಆ್ಯಪಿಗೆ ಏರಿತು, ಒಟ್ಟು 18 ಕೋರ್ಸು. ಉಪ್ಪಿಟ್ಟಿಲ್ಲ, ಟಿಎ-ಡಿಎ ಇಲ್ಲ ಎಂದು ಮೊದಲ ವಾರ ಮೇಷ್ಟ್ರು ಸ್ವಲ್ಪ ಕುಗ್ಗಿದ್ದು ನಿಜ. ಆದರೆ ಮೊಬೈಲಿನಲ್ಲಿ ವಿಡಿಯೋ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ತಾವು ತೋಟಕ್ಕೆ ಹೋಗಬಹುದು ಎಂದು ಗೊತ್ತಾದ ಮೇಲೆ ಗೆಲುವಾದರು. ವಿಡಿಯೋ ಓಡುತ್ತಿತ್ತು, ಅವರ ಶ್ರೀಮತಿ ಸೊಪ್ಪು ಸೋಸುತ್ತ ಕೇಳುತ್ತಿದ್ದರು. ಹದಿನೆಂಟೂ ಮುಗಿದಾಗ ಪ್ರಮಾಣಪತ್ರಗಳು ಮೇಷ್ಟ್ರಿಗೆ ಬಂದವು, ವಿದ್ಯೆ ಆ ತಾಯಿಗೆ ಹೋಯಿತು. ಈಗ ಮೇಷ್ಟ್ರು ಮೊಮ್ಮಗನ ಮೇಲೆ ರೇಗಿದರೆ ಒಳಗಿನಿಂದ ದನಿ ಬರುತ್ತದೆ: "ಬೈದರೆ ಮಗು ಕಲಿಯೋದಿಲ್ಲಾ ರೀ, ಭಯ ಇಲ್ಲದ ವಾತಾವರಣ ಇರಬೇಕು. ನಾಲ್ಕನೇ ವಿಡಿಯೋದಲ್ಲಿ ಹೇಳಿದ್ರಲ್ಲ!"

ಮೇಷ್ಟ್ರ ತಂಗಿಯ ಮಗಳು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ಪಕ್ಕದ ಊರೊಂದರಲ್ಲಿ ಟೀಚರು. ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಅವಳು, "ಲೈಸೆನ್ಸ್ ರಿನ್ಯೂವಲ್ ತಲೆಬಿಸಿ ಮಾವ" ಎಂದಾಗ ಮೇಷ್ಟ್ರು ಕಾರಿನದಿರಬೇಕು ಎಂದುಕೊಂಡರು.

"ಕಾರಲ್ಲ ಮಾವ, ಪಾಠ ಮಾಡೋ ಲೈಸೆನ್ಸು. ಐದು ವರ್ಷಕ್ಕೆ ಒಂದು ಸುತ್ತು. ಅಷ್ಟರೊಳಗೆ 120 ಗಂಟೆ ತರಬೇತಿ ತೋರಿಸಬೇಕು. ಎಲ್ಲಾನೂ ನಾವೇ ಆನ್‌ಲೈನಲ್ಲಿ ತುಂಬಬೇಕು, ದಾಖಲೆ ಇಟ್ಕೋಬೇಕು. ಜೂನ್ 30ಕ್ಕೆ ಸುತ್ತು ಮುಗಿಯತ್ತೆ."

ಮೇಷ್ಟ್ರು ಬೆರಳಲ್ಲೇ ಗುಣಿಸಿದರು. "ಐದು ವರ್ಷಕ್ಕೆ 120 ಅಷ್ಟೇನಾ? ನಮ್ಮದು 250 ಕಣಮ್ಮ! ಅಂದ ಹಾಗೆ ಟಿಎ-ಡಿಎ ಎಷ್ಟು ಕೊಡ್ತಾರೆ?"

"ಎಲ್ಲಿ ಮಾವ? ಎಷ್ಟೋ ಕೋರ್ಸಿಗೆ ನಾವೇ ದುಡ್ಡು ಕಟ್ಟಬೇಕು."

"ಊಟ?"

"ಡಬ್ಬಿ ತಗೊಂಡು ಹೋಗ್ತೀನಿ."

ಅಮೆರಿಕದ ಮೇಲೆ ಮೇಷ್ಟ್ರಿಗಿದ್ದ ಗೌರವ ಆ ಕ್ಷಣಕ್ಕೆ ಅರ್ಧವಾಯಿತು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ 2017ರ ಕಾಯ್ದೆಯೊಂದು ಐದು ವರ್ಷದ ಗೊಡವೆ ತೆಗೆದು ಅನುಭವಸ್ಥರಿಗೆ ಜೀವಮಾನದ ಲೈಸೆನ್ಸ್ ತಂದಿತೆಂದು ಅವಳು ಹೇಳಿದ ಮೇಲಂತೂ ಪೂರ್ತಿ ಇಳಿಯಿತು. "ಜೀವಮಾನಕ್ಕೆ ಬರೆದುಕೊಟ್ಟರೆ ಆಮೇಲೆ ತರಬೇತಿಗೆ ಯಾರಮ್ಮ ಬರ್ತಾರೆ?"

"ನಿಮ್ಮ ಲೈಸೆನ್ಸು ಯಾವಾಗ ಮುಗಿಯತ್ತೆ ಮಾವ?"

"ನಮ್ಮದು ಅರವತ್ತಕ್ಕೆ ಒಂದೇ ಸಲ ಮುಗಿಯೋದು" ಎಂದು ಮೇಷ್ಟ್ರು ನಕ್ಕರು.

ಮೇಷ್ಟ್ರ ಶಾಲೆ ಕಿರಿಯ ಪ್ರಾಥಮಿಕ, ಐದು ತರಗತಿಗೆ ಇಬ್ಬರು. ಇನ್ನೊಬ್ಬರು ಮೇಡಂ. ಒಂದರಿಂದ ಮೂರರ ನಲಿಕಲಿ ಮೇಡಂದು, ನಾಲ್ಕು-ಐದು ಮೇಷ್ಟ್ರದು. ಮೇಷ್ಟ್ರು ಬಟ್ಟೆ ಚೀಲ ಹೆಗಲಿಗೇರಿಸಿದರೆಂದರೆ ಐದೂ ತರಗತಿ ಮೇಡಂ ಕೊರಳಿಗೆ. ಜೊತೆಗೆ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ. ಇಬ್ಬರೂ ಒಟ್ಟಿಗೆ ಹೊರಟರೆ ಶಾಲೆಗೆ ಬೀಗ ಬೀಳುತ್ತದೆ, ಹಾಗಾಗಿ ಮೇಡಂಗೆ ತರಬೇತಿಯ ಯೋಗವೇ ಕೂಡಿಬರಲಿಲ್ಲ. ಕೊನೆಗೊಂದು ದಿನ, ನಿಮ್ಮ ತರಬೇತಿ ಗಂಟೆಗಳು ತೀರಾ ಕಡಿಮೆ, ಕಾರಣ ತಿಳಿಸಿ ಎಂದು ಅವರಿಗೆ ಓಲೆ ಬಂತು. ಮೇಡಂ ಒಂದೇ ಸಾಲಿನ ಉತ್ತರ ಬರೆದರು: 'ಸಹಶಿಕ್ಷಕರು ತರಬೇತಿಯಲ್ಲಿದ್ದ ಕಾರಣ ನಾನು ಶಾಲೆಯಲ್ಲಿದ್ದೆ.' ಶಾಲೆಯಲ್ಲಿದ್ದದ್ದಕ್ಕೆ ಸಮಜಾಯಿಷಿ ಕೊಟ್ಟ ಶಿಕ್ಷಕಿ ನಮ್ಮ ತಾಲ್ಲೂಕಿನಲ್ಲಿ ಅವರೊಬ್ಬರೇ ಇರಬೇಕು.

ಹಾಗೆಂದು ಮೇಷ್ಟ್ರ ತರಬೇತಿಗಳೆಲ್ಲ ನೀರಿನಲ್ಲಿ ಹೋಮವಾದವು ಎನ್ನುವಂತಿಲ್ಲ. ಶಿಬಿರದಿಂದ ತಂದ ಕೈಪಿಡಿಗಳನ್ನು ಅವರು ಕಟ್ಟು ಬಿಚ್ಚದೆ ಶಾಲೆಯ ಬೀರುವಿಗೆ ಎಸೆಯುತ್ತಾರೆ. ಮೇಡಂ ಅವನ್ನು ಮನೆಗೊಯ್ದು ಓದುತ್ತಾರೆ. ಹುಣಸೆಬೀಜ, ಬೆಂಕಿಕಡ್ಡಿಗಳಲ್ಲಿ ದಶಕ ಕಲಿಸುವ ಚಟುವಟಿಕೆಯೊಂದು ಹಾಗೇ ಬೀರುವಿನಿಂದ ಮಕ್ಕಳ ಕೈಗೆ ಬಂತು. ಸಂದರ್ಶನಕ್ಕೆ ಬಂದ ಅಧಿಕಾರಿಗಳು ಮೆಚ್ಚಿದಾಗ ಮೇಷ್ಟ್ರು ಮುಂದೆ ಬಂದು "ತರಬೇತಿಯ ಫಲ ಸಾರ್" ಎಂದರು. ಸುಳ್ಳೇನಲ್ಲ. ಕೂತು ಬಂದವರು ಒಬ್ಬರು, ಕಲಿತವರು ಇನ್ನೊಬ್ಬರು, ಅಷ್ಟೇ ವ್ಯತ್ಯಾಸ.

ಗಂಟೆಯ ಲೆಕ್ಕವೇ ಇಲ್ಲದ ಕಾಲವೂ ಇತ್ತು. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದಷ್ಟು ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮಷ್ಟಕ್ಕೆ ಕಲಿಯುವುದನ್ನು ನೋಡಿ, ಊರಿಗೆ ಬಂದು ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ಮಾಡಿದರು. ನಲಿಕಲಿ ಹುಟ್ಟಿದ್ದು ಹಾಗೆ. ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿಯದು. ಈ ಕತೆಯನ್ನು ನಮಗೆ ಭಾವುಕರಾಗಿ ಹೇಳಿದವರೂ ಓಓಡಿ ಮೇಷ್ಟ್ರೇ. ಹೇಳಿ ಮುಗಿಸಿ, "ಪಾಪ, ಅವರಿಗೆ ಎಷ್ಟು ಗಂಟೆ ಸಿಗ್ತಿತ್ತು ಈಗಾಗಿದ್ರೆ!" ಎಂದು ಮರುಗಿದರು.

ಇಷ್ಟೆಲ್ಲ ಕಡತ ಕಟ್ಟಿಕೊಂಡವರಿಗೂ ಒಂದು ಗಂಡಾಂತರ ಬಂತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಸೇವೆಯಲ್ಲಿರುವ ಶಿಕ್ಷಕರೂ ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರಿಗೆ ಎರಡು ವರ್ಷ ಗಡುವು ಎಂದಿತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಹಾಕಾರ. ಮೇಷ್ಟ್ರು ಬೀರು ತೆಗೆದು ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರಗಳನ್ನು ಮಂಚದ ತುಂಬ ಹರಡಿದರು. ಬೆಂಕಿ ನಂದಿಸುವುದರಿಂದ ಹಿಡಿದು ಗೊಂಬೆಯಾಟದವರೆಗೆ ಎಲ್ಲವೂ ಇತ್ತು, ಟಿಇಟಿ ಇರಲಿಲ್ಲ. ಆ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಆಯಸ್ಸಿತ್ತು, 2021ರಲ್ಲಿ ಕೇಂದ್ರ ಅದನ್ನು ಜೀವಮಾನಕ್ಕೆ ವಿಸ್ತರಿಸಿತ್ತು. ಪದೇ ಪದೇ ಮಾಡಿಸಬೇಕಿಲ್ಲದ ಕಾಗದವೆಂದೇ ಏನೋ, ಮೇಷ್ಟ್ರಿಗೆ ಅದರ ಮೇಲೆ ಆಸೆ ಹುಟ್ಟಿರಲಿಲ್ಲ.

ಕೊನೆಗೆ ಸೇವಾ ಪುಸ್ತಕ ತೆಗೆದು ಲೆಕ್ಕ ಹಾಕಿದರು. ಹುಟ್ಟಿದ ದಿನ 1-6-1970. ಒಂದನೇ ತರಗತಿಗೆ ಸೇರಿಸುವಾಗ ಅಂದಿನ ಮೇಷ್ಟ್ರು ಆಳನ್ನು ನೋಡಿ ಅಂದಾಜಿಗೆ ಬರೆದ ತಾರೀಖು. ಉಳಿದ ಸೇವೆ ನಾಲ್ಕು ವರ್ಷ ಒಂಬತ್ತು ತಿಂಗಳು! ಗಡುವು ಅವರನ್ನು ಮುಟ್ಟುವುದಿಲ್ಲ. ಟಿಇಟಿ ಇಲ್ಲದಿದ್ದರೆ ಬಡ್ತಿ ಇಲ್ಲ ಎಂದು ಯಾರೋ ಹೆದರಿಸಿದರು. "ಬಡ್ತಿ ಯಾರಿಗೆ ಬೇಕು? ಹೆಡ್ ಮಾಸ್ಟರಾದರೆ ಶಾಲೆಯಲ್ಲೇ ಇರಬೇಕಾಗತ್ತೆ" ಎಂದರು. 2007ರಲ್ಲಿ ಕೆಲಸಕ್ಕೆ ಸೇರಿದ ಮೇಡಂಗೆ ಮಾತ್ರ ಈ ರಿಯಾಯಿತಿ ಇರಲಿಲ್ಲ. ಮಗಳ ಪುಸ್ತಕದ ಪಕ್ಕದಲ್ಲೇ ತಮ್ಮದನ್ನೂ ತೆರೆದು ಓದಲು ಕೂತರು.

ಟಿಇಟಿ ಬರೆಯುವ ಶಿಕ್ಷಕರಿಗೆ ಮಾರ್ಗದರ್ಶನ ಕೊಡಬೇಕೆಂದು ತಾಲ್ಲೂಕಿನಲ್ಲಿ ಭಾನುವಾರದ ಶಿಬಿರವೊಂದು ಏರ್ಪಾಡಾಯಿತು. ನಾವೆಲ್ಲ ಪೆನ್ನು, ಪುಸ್ತಕ ಹಿಡಿದು ಕೂತಿದ್ದೆವು. ವೇದಿಕೆಗೆ ಬಂದ ಸಂಪನ್ಮೂಲ ವ್ಯಕ್ತಿ ಓಓಡಿ ಮೇಷ್ಟ್ರು. ವಿಷಯ, ಮಗುವಿನ ವಿಕಸನ ಮತ್ತು ಬೋಧನಾಶಾಸ್ತ್ರ, 30 ಅಂಕ. ಮೇಷ್ಟ್ರು ಮೈಕಿಗೆ ಎರಡು ಸಲ ಊದಿ, "ಪರೀಕ್ಷೆ ಅಂದ್ರೆ ಭಯಪಡಬೇಡಿ, 150ಕ್ಕೆ 90 ತಗೊಂಡರೆ ಪಾಸು, ಮೀಸಲಾತಿ ಇದ್ದವರಿಗೆ ಇನ್ನೂ ಕಡಿಮೆ. ತಪ್ಪಿಗೆ ಅಂಕ ಕಳೆಯೋದೂ ಇಲ್ಲ. ಒಟ್ಟಿನಲ್ಲಿ ಉತ್ತರ ಮಗು ಕೇಂದ್ರಿತವಾಗಿರಬೇಕು" ಎಂದು ಶುರು ಮಾಡಿದರು.

ಮೇಡಂ ಎದ್ದು ನಿಂತರು. "ಸಾರ್, ನೀವು ಈ ಪರೀಕ್ಷೆ ಬರೆದಿದ್ದೀರಾ?"

ಸಭೆ ಉಸಿರು ಹಿಡಿಯಿತು. ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬಹಳ ಒಳ್ಳೆ ಪ್ರಶ್ನೆ ಮೇಡಂ. ಇದನ್ನ ನಾನೇ ಹೇಳಿಬಿಟ್ಟರೆ ಅದು ಕಲಿಕೆ ಆಗೋದಿಲ್ಲ. ಗುಂಪಿನಲ್ಲಿ ಚರ್ಚೆ ಮಾಡೋಣ. ಕಾವೇರಿ ತಂಡದವರು ಬಂದು ಚಾರ್ಟ್ ತಗೊಳ್ಳಿ."