ಲಘು ಲೇತ್ ಲಕ್ಷಣ ವಿಚಾರ

ಮರ ಕಡೆಯಲು ಹೊರಟ ಹೊಸಬನು ಸಣ್ಣ ಲೇತ್ ಆರಿಸುವುದು ಶಾಸ್ತ್ರವಿಷಯ. ಆದ್ದರಿಂದ ಇದಕ್ಕೂ ಅನುಬಂಧ ಚತುಷ್ಟಯವುಂಟು. ವಿಷಯ ಲೇತ್, ಪ್ರಯೋಜನ ಲಟ್ಟಣಿಗೆ, ಸಂಬಂಧ ಮನೆಯವರೊಡನೆ ಹದಗೆಡುವಂಥದ್ದು. ಅಧಿಕಾರಿಯೆಂದರೆ, ನಡುರಾತ್ರಿಯವರೆಗೆ ಯೂಟ್ಯೂಬ್‌ನಲ್ಲಿ ಬಟ್ಟಲು ಕಡೆಯುವುದನ್ನು ನೋಡಿ, ಬೆಳಗ್ಗೆ ಅಡುಗೆಮನೆಯ ಮರದ ಸೌಟನ್ನು ಅನುಮಾನದಿಂದ ತಿರುಗಿಸಿ ನೋಡುವವನು.

ಲೇತ್‌ನ ಅಡಿಹಾಸಾದ ಬೆಡ್‌ನ ಮೇಲೆ ಎಷ್ಟು ವ್ಯಾಸದ ಮರ ತಿರುಗೀತೆಂಬುದು ಸ್ವಿಂಗ್. ಮರವನ್ನು ಎರಡು ತುದಿಗಳಲ್ಲಿ ಹಿಡಿಯುವ ಸೆಂಟರ್‌ಗಳ ನಡುವೆ ಎಷ್ಟುದ್ದದ ಮರ ಕೂತೀತೆಂಬುದು ಎರಡನೆಯ ಅಳತೆ. ಇವುಗಳನ್ನು ಹಿಡಿದು ಮೂರು ಪಂಥಗಳಾಗಿವೆ. ಬುಗುರಿಪಂಥ ಅಲ್ಪತೃಪ್ತ. ಲಟ್ಟಣಿಗೆಪಂಥಕ್ಕೆ 10 ಇಂಚು ಸ್ವಿಂಗ್, 18 ಇಂಚು ಉದ್ದ ಧಾರಾಳ. ತೊಟ್ಟಿಲುಪಂಥೀಯರು ಮುಂದೆಂದೋ ಹುಟ್ಟಲಿರುವ ಮೊಮ್ಮಗುವನ್ನು ನೆನೆದು 40 ಇಂಚು ಉದ್ದದ್ದನ್ನು ತಂದು, ಅದರಲ್ಲಿ ಬುಗುರಿ ಕಡೆಯುತ್ತಾರೆ.

ಇಲ್ಲೊಂದು ಪೂರ್ವಪಕ್ಷ. ಚನ್ನಪಟ್ಟಣದಲ್ಲಿ ಒಂದು ಕೈಯಲ್ಲಿ ಕಮಾನು ಎಳೆಯುತ್ತ, ಇನ್ನೊಂದರಲ್ಲಿ ಉಳಿ ಹಿಡಿದು ಆಲೆಮರ ಕಡೆದವರಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ತಾಳೆಗರಿ ತೀಡಿದರೆ ಹೊಳಪು. ಮೋಟರಿಲ್ಲದೆಯೂ ಕೆಲಸ ನಡೆದಿರುವಾಗ ಹೊಸಬನಿಗೆ ಯಂತ್ರವೇಕೆ? ಉತ್ತರ: ಅವರದು ಪಳಗಿದ ಕೈ, ಇವನದು ಬರೀ ಕೈ.

ಸಿದ್ಧಾಂತದಲ್ಲಿ ಲೇತ್‌ನ ಮುಖ್ಯ ಲಕ್ಷಣ ಭಾರ. ಎರಕದ ಕಬ್ಬಿಣದ ಬೆಡ್ ಅದುರಾಟವನ್ನು ನುಂಗುತ್ತದೆ; ತೆಳು ಪೈಪಿನ ಬೆಡ್ ಅದನ್ನು ಮೇಜಿಗೆ, ಮೇಜು ನೆಲಕ್ಕೆ, ನೆಲ ಕೆಳಮನೆಯವರಿಗೆ ತಲುಪಿಸುತ್ತದೆ. ಅಂಗಡಿಯಲ್ಲಿ ಪ್ರತ್ಯಕ್ಷ ಪ್ರಮಾಣ ಹೀಗೆ: ಸರಿಯುವ ಟೇಲ್‌ಸ್ಟಾಕನ್ನು ಮೋಟರಿನ ಬದಿಯ ಹೆಡ್‌ಸ್ಟಾಕಿನ ಹತ್ತಿರ ತಳ್ಳಿದಾಗ ಎರಡು ಸೆಂಟರ್‌ಗಳ ಮೊನೆಗೆ ಮೊನೆ ಕೂಡಬೇಕು. ಕೂಡದಿದ್ದಾಗ ಅಂಗಡಿಯವನು ಹೇಳುವ "ಸೆಟ್ ಮಾಡ್ಕೋಬೋದು ಸಾರ್" ಎಂಬುದು ಆಪ್ತವಾಕ್ಯವಲ್ಲ. ಶಬ್ದಪ್ರಮಾಣಕ್ಕೆ ಬೇರಿಂಗೇ ಸಾಕ್ಷಿ: ಖಾಲಿ ಓಡಿಸಿದಾಗ ಗರಗರ ಎಂದರೆ ವಿಚಾರ ಮುಗಿಯಿತು.

ವೇಗದ ಸೂತ್ರ: ಇಂಚಿನಲ್ಲಿ ಅಳೆದ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6,000 ಮತ್ತು 9,000ದ ನಡುವೆ ಬರಬೇಕು. ಅಂದರೆ 10 ಇಂಚಿನ ಬಟ್ಟಲಿಗೆ 600ರಿಂದ 900 ಸುತ್ತು. ಮರ ಇನ್ನೂ ಸೊಟ್ಟಗಿದ್ದರೆ ಅದಕ್ಕೂ ಕಡಿಮೆ. 10 ಇಂಚು ಸ್ವಿಂಗ್ ಎಂದು ಸಾರಿಕೊಂಡು, ಕನಿಷ್ಠ ವೇಗವೇ 1,100 ಇರುವ ಲೇತ್ ಬಟ್ಟಲನ್ನು ಕಡೆಯುವುದಿಲ್ಲ, ಎಸೆಯುತ್ತದೆ. ಎದುರಿಗಿರುವುದು ಹೊಸಬನ ಮುಖವಾದ್ದರಿಂದ ಫೇಸ್ ಶೀಲ್ಡ್ ಇಲ್ಲಿ ನಿತ್ಯಕರ್ಮ. ಇನ್ನು ಮರ ತಿರುಗಿಸುವ ಸ್ಪಿಂಡಲ್ಲಿನ ಒಳಗೆ 2ನೇ ನಂಬರ್ ಮೋರ್ಸ್ ಟೇಪರ್ ಎಂಬ ಶಂಕುರಂಧ್ರ, ಹೊರಗೆ ಮರ ಹಿಡಿಯುವ ಚಕ್ ಸುಲಭವಾಗಿ ಸಿಗುವ ಥ್ರೆಡ್ ಇದ್ದರೆ ಒಳಿತು.

ಲೇತ್‌ನ ಬೆಲೆ ಮದುವೆ ಛತ್ರದ ಬಾಡಿಗೆಯಿದ್ದಂತೆ. ಊಟ, ಓಲಗ, ಹೂವು ಬೇರೆ. ಚಕ್, ಹೈಸ್ಪೀಡ್ ಸ್ಟೀಲಿನ ಉಳಿಗಳು, ಅವುಗಳಿಗೆ ಸಾಣೆ ಹಿಡಿಯಲು ಗ್ರೈಂಡರ್, ಗ್ರೈಂಡರಿಗೊಂದು ಸ್ಟ್ಯಾಂಡ್ ಎಂದು ಅನವಸ್ಥಾದೋಷ ತಗಲುತ್ತದೆ. ಇದನ್ನು ತಡೆಯಲು ಇದುವರೆಗೆ ತಿಂಗಳ ಕೊನೆಯೊಂದೇ ಶಕ್ತವಾಗಿದೆ.

ಉಳಿದದ್ದು ಸ್ಥಾನನಿರ್ಣಯ. ಸ್ಪಿಂಡಲ್ ನಿಂತವನ ಮೊಣಕೈ ಮಟ್ಟಕ್ಕೆ ಬರಬೇಕು. ಊಟದ ಮೇಜಿನ ಮೇಲಿಟ್ಟರೆ ಈ ಎತ್ತರ ಒದಗುವುದಿಲ್ಲ ಎಂಬುದನ್ನು ಮನೆಯವರು, ಅಳೆಯದೆಯೇ, ಸಾಧಿಸಿ ತೋರಿಸುತ್ತಾರೆ.