ಮೋಯ್ಸ್ ಎಂಬ ಸೊಸೆ

ನಮ್ಮ ಮನೆಯಲ್ಲಿ ಯುಗಾದಿ ಯಾವತ್ತೂ ಭಾನುವಾರವೇ ಬರುತ್ತದೆ. 2014ರಲ್ಲಿ ಪಂಚಾಂಗದ ಪ್ರಕಾರ ಅದು ಮಾರ್ಚ್ 31, ಸೋಮವಾರ. ಆದರೆ ಲಿವರ್‌ಪೂಲಿನಲ್ಲಿ ಸೋಮವಾರ ಹೆಂಡತಿಗೆ ಆಸ್ಪತ್ರೆ, ನನಗೆ ಆಫೀಸು, ಮಗನಿಗೆ ಸ್ಕೂಲು. ಚಾಂದ್ರಮಾನ, ಸೌರಮಾನಗಳ ಜೊತೆಗೆ ಹೊರನಾಡಿನವರು ಕಂಡುಕೊಂಡ ಮೂರನೆಯದು ವೀಕೆಂಡ್‌ಮಾನ. ಆರು ತಿಂಗಳ ವೀಸಾದಲ್ಲಿ ಹಾಸನದಿಂದ ಬಂದಿದ್ದ ಅಮ್ಮನಿಗೆ ಇದನ್ನು ವಿವರಿಸಿದಾಗ, "ಆಗಲಿ ಬಿಡು, ದೇವರೂ ವಾರವಿಡೀ ದುಡಿದಿರ್ತಾನೆ" ಎಂದು ಒಪ್ಪಿಕೊಂಡಳು. ಸಾಲದ್ದಕ್ಕೆ ಆ ಭಾನುವಾರ ಬೆಳಗಿನ ಜಾವವೇ ಇಂಗ್ಲೆಂಡಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಜಿಗಿದಿದ್ದವು. ಊಟಕ್ಕೆ ಕರೆದವರು ಆ ಒಂದು ಗಂಟೆಯ ಜೊತೆಗೆ ನಮ್ಮವರ ಮಾಮೂಲಿ ಒಂದು ಗಂಟೆಯನ್ನೂ ಸೇರಿಸಿಕೊಂಡು ಬಂದರು.

ಎಲ್ಲರಿಗಿಂತ ತಡವಾಗಿ ಬಂದವರು ದಾವಣಗೆರೆ ಡಾಕ್ಟ್ರು. ಅವರಿರುವುದು ಮ್ಯಾಂಚೆಸ್ಟರಿನಲ್ಲಿ, ನಮ್ಮಿಂದ ಐವತ್ತು ಚಿಲ್ಲರೆ ಕಿಲೋಮೀಟರು. "ಬಟ್ಟೆ ಗಿರಣಿ ಇದ್ದ ಕಾಲಕ್ಕ ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಅಂದಮ್ಯಾಲೆ ನಾ ಹುಟ್ಟಿದ್ದೂ ಮ್ಯಾಂಚೆಸ್ಟರಿನಾಗ, ಇರೋದೂ ಮ್ಯಾಂಚೆಸ್ಟರಿನಾಗ" ಎಂಬುದು ಅವರ ವಾದ. ಹಾಗಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಅವರಿಗೆ ಕುಲದೇವರು. ನಾವಿರುವುದು ಆಗ ಎವರ್ಟನ್ ತಂಡದ ಮೈದಾನವಾಗಿದ್ದ ಗುಡಿಸನ್ ಪಾರ್ಕಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ. ಪಂದ್ಯದ ದಿನ ನಮ್ಮ ಮನೆ ಮುಂದೆ ನಮ್ಮ ಕಾರಿಗೇ ಜಾಗ ಸಿಗುತ್ತಿರಲಿಲ್ಲ. ಇಷ್ಟು ತೊಂದರೆ ಕೊಡುವವರನ್ನು ಮನೆಯವರು ಅಂದುಕೊಳ್ಳದೆ ವಿಧಿಯಿಲ್ಲವಾದ್ದರಿಂದ ನಾವು ಎವರ್ಟನ್ ಕಡೆಯವರಾದೆವು. ಹತ್ತು ವರ್ಷದ ಮಗನನ್ನಂತೂ ತಂಡದ ನೀಲಿ ಅಂಗಿ ಬಿಚ್ಚಿಸಿ ಸ್ನಾನಕ್ಕೆ ಕಳಿಸುವುದೇ ಒಂದು ಯುದ್ಧವಾಗಿತ್ತು.

ಡಾಕ್ಟ್ರು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, "ಈ ವರ್ಷ ಬೇವು ಸಾಕಾಗೇತ್ರಿ ಅಮ್ಮಾರ, ಬರೀ ಬೆಲ್ಲ ಕೊಡ್ರಿ" ಎಂದರು. ಅವರ ದುಃಖಕ್ಕೆ ಕಾರಣವಿತ್ತು. ಹಿಂದಿನ ದಿನವಷ್ಟೇ ಯುನೈಟೆಡ್ಡಿನ ಮೈದಾನ ಓಲ್ಡ್ ಟ್ರಾಫರ್ಡಿನ ಆಕಾಶದಲ್ಲಿ ಒಂದು ಪುಟ್ಟ ವಿಮಾನ ಹಾರಿತ್ತು. ಅದರ ಬಾಲಕ್ಕೆ ಕಟ್ಟಿದ್ದ ಬ್ಯಾನರಿನ ತಾತ್ಪರ್ಯ: ಬಂದವನು ಸರಿಯಾದವನಲ್ಲ, ಮೋಯ್ಸ್ ತೊಲಗಲಿ. ದುಡ್ಡು ಕೂಡಿಸಿ ಅದನ್ನು ಹಾರಿಸಿದವರು ಯುನೈಟೆಡ್ಡಿನ ಅಭಿಮಾನಿಗಳೇ. ಕೆಳಗೆ ಅವರ ತಂಡ ಆಸ್ಟನ್ ವಿಲ್ಲಾವನ್ನು 4-1ರಿಂದ ಸೋಲಿಸಿತು, ಅದು ಬೇರೆ ಮಾತು. ಗೆದ್ದ ದಿನವೂ ಮರ್ಯಾದೆ ಹೋಯಿತಲ್ಲ ಎಂದು ಡಾಕ್ಟ್ರು ಕೊರಗುತ್ತಿದ್ದರು.

"ಯಾರಪ್ಪ ಅದು ಮೋಯ್ಸ್?" ಎಂದಳು ಅಮ್ಮ.

ಹೇಳಲು ನಾವು ಮೂವರೂ ಒಟ್ಟಿಗೆ ಬಾಯಿ ತೆರೆದೆವು. ಡೇವಿಡ್ ಮೋಯ್ಸ್, ಗ್ಲಾಸ್ಗೋ ಕಡೆಯವನು. 2002ರಲ್ಲಿ ಎವರ್ಟನ್ನಿಗೆ ಮ್ಯಾನೇಜರಾಗಿ ಬಂದವನೇ ಇದು ಜನರ ಕ್ಲಬ್ಬು ಎಂದು ಹೇಳಿ ನಮ್ಮ ಬೀದಿಯವರ ಮನಸ್ಸು ಗೆದ್ದ. ಹನ್ನೊಂದು ವರ್ಷ ಸಂಸಾರ ತೂಗಿಸಿದ. ಕೈಯಲ್ಲಿ ಕಾಸಿಲ್ಲ, ಒಂದು ಕಪ್ಪೂ ಗೆಲ್ಲಲಿಲ್ಲ, ಆದರೆ ಮನೆ ಮಾನವಾಗಿ ನಡೆಯಿತು. 2013ರಲ್ಲಿ ಯುನೈಟೆಡ್ಡಿನ ಅಲೆಕ್ಸ್ ಫರ್ಗ್ಯುಸನ್ ಇಪ್ಪತ್ತಾರು ವರ್ಷ ಆಳಿ, ಹದಿಮೂರನೆಯ ಲೀಗ್ ಪ್ರಶಸ್ತಿ ಗೆದ್ದು, ನಿವೃತ್ತರಾಗುವ ಮುನ್ನ ಇವನನ್ನು ಮನೆಗೆ ಕರೆಸಿಕೊಂಡರು. ಜೀನ್ಸ್ ತೊಟ್ಟು ಹೋಗಿದ್ದ ಮೋಯ್ಸ್‌ಗೆ, ನಾನು ಬಿಡುತ್ತಿದ್ದೇನೆ, ಮುಂದಿನ ಮ್ಯಾನೇಜರು ನೀನೇ ಎಂದು ಹೇಳಿಬಿಟ್ಟರು. ಬರುತ್ತೀಯಾ ಅಂತ ಕೇಳಲೂ ಇಲ್ಲವಂತೆ.

"ಹೆಣ್ಣು ಕೇಳೋ ಶಾಸ್ತ್ರವೂ ಇಲ್ವಾ?" ಎಂದಳು ಅಮ್ಮ.

ಅಲ್ಲಿಂದ ಮುಂದೆ ಫುಟ್‌ಬಾಲು ನಮ್ಮ ಕೈಯಿಂದ ಜಾರಿತು. ಗಂಡಸಾದರೇನು, ದೊಡ್ಡ ಮನೆ ಸೇರಿದ ಮೇಲೆ ಸೊಸೆ ಸೊಸೆಯೇ ಎಂದು ತೀರ್ಮಾನಿಸಿ ಅಮ್ಮ ವಿಚಾರಣೆಗೆ ಕೂತಳು. ಅವಳ ಕುರ್ಚಿ ಯಾವಾಗಲೂ ಅಡಿಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ. ಅಲ್ಲಿಂದ ಒಲೆಯೂ ಕಾಣುತ್ತದೆ, ಟಿವಿಯೂ ಕಾಣುತ್ತದೆ.

"ತವರಿಂದ ಏನು ತಗೊಂಡು ಹೋದ?"

ಕೆದರಿದ ಕೂದಲಿನ ಮಾರುವಾನ್ ಫೆಲ್ಲೈನಿಯ ಕಥೆ ಹೇಳಿದೆ. ಎವರ್ಟನ್ನಿನಲ್ಲಿದ್ದ ಅವನನ್ನು ಜುಲೈ ಮುಗಿಯುವುದರೊಳಗೆ 23.5 ಮಿಲಿಯನ್ ಪೌಂಡು ಎಣಿಸಿಟ್ಟು ಕರೆದೊಯ್ಯಬಹುದು ಎಂದು ಅವನ ಒಪ್ಪಂದದಲ್ಲೇ ಬರೆದಿತ್ತು. ಮೋಯ್ಸ್‌ನ ಹೊಸ ಮನೆಯವರು ಆ ಗಡುವು ದಾಟಿಸಿ, ಆಟಗಾರರ ವಹಿವಾಟಿನ ಕಟ್ಟಕಡೆಯ ದಿನ ಓಡೋಡಿ ಬಂದು 27.5 ಮಿಲಿಯನ್ ಕೊಟ್ಟು ಒಯ್ದರು.

"ಆಷಾಢದ ರಿಯಾಯಿತಿ ಮುಗಿದ ಮೇಲೆ ಸೀರೆ ಅಂಗಡಿಗೆ ಹೋದ ಹಾಗಾಯ್ತು" ಎಂದಳು ಅಮ್ಮ. ನಾನು ಎರಡು ಭಾಷೆಯ ಕ್ರೀಡಾ ಪುಟ ಓದಿದವನು. ಆ ವ್ಯವಹಾರವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಬರೆದದ್ದು ಕಂಡಿಲ್ಲ.

ಡಾಕ್ಟ್ರಿಗೆ ಸಹಿಸಲಾಗಲಿಲ್ಲ. "ರೊಕ್ಕದ ಮಾತ ಬಿಡ್ರಿ. ಆಟಾ ನೋಡ್ರಿ. ಫೆಬ್ರವರಿಯಾಗ ಫುಲ್ಹಮ್ ಬಂದಿತ್ರಿ, ಟೇಬಲ್ಲಿನಾಗ ಕಟ್ಟಕಡೀ ತಂಡ. ನಮ್ಮವರು ಅಂಚಿನಿಂದ ಚೆಂಡು ಒಳಗ ತೂರಿದ್ರು, ತೂರಿದ್ರು, ಎಂಬತ್ತೊಂದು ಸಲ ತೂರಿದ್ರು. ಕಡೀಗೆ ಏನಾತು? 2-2! ಮನುಷ್ಯಾಗ ಎರಡನೇ ಐಡಿಯಾನ ಇಲ್ರಿ!"

"ಬಡವರ ಮನೇಲಿ ಒಂದೇ ಸಾರು ಮಾಡಿ ಅಭ್ಯಾಸ. ದೊಡ್ಡ ಮನೆಗೆ ಹೋದ ಮೇಲೂ ಅದೇ ಕೈ ಓಡುತ್ತೆ" ಎಂದು ಅಮ್ಮ ಸಮಾಧಾನ ಹೇಳಿದಳು. ನಮ್ಮ ಎವರ್ಟನ್ನನ್ನು ಬಡವರ ಮನೆ ಅಂದದ್ದಕ್ಕೆ ಮಗ ಹೋಳಿಗೆ ಬಿಟ್ಟು ಎದ್ದ. "ಅಜ್ಜಿ, ನಾವು ಡಿಸೆಂಬರಿನಲ್ಲಿ ಅವರ ಮನೇಲೇ ಅವರನ್ನ ಸೋಲಿಸಿದ್ವಿ!" ನಿಜ. ಮೋಯ್ಸ್ ನಮ್ಮಲ್ಲಿದ್ದ ಹನ್ನೊಂದು ವರ್ಷ ಓಲ್ಡ್ ಟ್ರಾಫರ್ಡಿನಲ್ಲಿ ಎವರ್ಟನ್ ಒಮ್ಮೆಯೂ ಗೆಲ್ಲಲಿಲ್ಲ. ಅವನು ಅಲ್ಲಿಗೆ ಹೋಗಿ ಕೂತ ಮೊದಲ ವರ್ಷವೇ, 2013ರ ಡಿಸೆಂಬರ್ 4ರಂದು, 86ನೇ ನಿಮಿಷದಲ್ಲಿ ಬ್ರಯಾನ್ ಒವಿಯೆಡೊ ಹೊಡೆದ ಗೋಲಿನಿಂದ ಗೆದ್ದಿತು. ಅಲ್ಲಿ ನಮಗೆ 1992ರ ನಂತರದ ಮೊದಲ ಗೆಲುವು. ಅಂದು ರಾತ್ರಿ ನಮ್ಮ ಬೀದಿಯವರು ಕುಣಿದರು. ಪಕ್ಕದ ಮನೆಯ ಮುದುಕ ಮಾತ್ರ ಬೇಲಿಯಾಚೆ ನಿಂತು, ಪಾಪ ಅವನಿಗೆ ಹೀಗಾಗಬಾರದಿತ್ತು ಎಂದೂ ಅಂದ, ಹೀಗೇ ಆಗಬೇಕಿತ್ತು ಎಂದೂ ಅಂದ. ಎರಡರ ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ತವರಿನವರ ಪ್ರೀತಿಯೇ ಹಾಗೆ. ದೊಡ್ಡ ಮನೆ ಸೇರಿದ ಮಗಳು ಸುಖವಾಗಿರಬೇಕು, ಆದರೆ ನಮ್ಮನ್ನು ಮರೆಯುವಷ್ಟಲ್ಲ.

ತಪ್ಪು ಯಾರದು ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ತಂಡವೇ ಮುದಿಯಾಗಿತ್ತು ಎಂದು ನಾನು. ಆಟಗಾರರಲ್ಲಿ ಫರ್ಡಿನೆಂಡ್‌ಗೆ ಮೂವತ್ತೈದು, ಗಿಗ್ಸ್‌ಗೆ ನಲವತ್ತು. ಅದೇ ತಂಡ ಹಿಂದಿನ ವರ್ಷ ಹನ್ನೊಂದು ಪಾಯಿಂಟು ಅಂತರದಲ್ಲಿ ಲೀಗ್ ಗೆದ್ದಿತ್ತಲ್ಲ ಎಂದು ಡಾಕ್ಟ್ರು. ತಳ ಸವೆದ ಪಾತ್ರೆಯಲ್ಲಿ ಸೀಯದಂತೆ ಅಡಿಗೆ ಮಾಡಲು ಅದೇ ಹಳೇ ಕೈಯೇ ಬೇಕು ಎಂದು ಅಮ್ಮ. ಅಷ್ಟು ಹೊತ್ತಿಗೆ ಅವಳೊಂದು ಪ್ರಶ್ನೆ ಕೇಳಿದಳು.

"ಕೀಲಿಕೈ ಕೊಟ್ಟ ಮೇಲೆ ಆ ಅತ್ತೆ ಎಲ್ಲಿಗೆ ಹೋದಳು?"

ಎಲ್ಲೂ ಹೋಗಲಿಲ್ಲ. ಫರ್ಗ್ಯುಸನ್ ಕ್ಲಬ್ಬಿನ ನಿರ್ದೇಶಕರಾಗಿ ಉಳಿದರು. ಮೈದಾನದ ಒಂದು ಬದಿಯ ಇಡೀ ಗ್ಯಾಲರಿಗೆ ಅವರ ಹೆಸರು. ಹೊರಗೆ ಅವರದೇ ಕಂಚಿನ ಪ್ರತಿಮೆ, ಕೈ ಕಟ್ಟಿಕೊಂಡು ನಿಂತದ್ದು. ಆ ವರ್ಷ ಯುನೈಟೆಡ್ ಗೋಲು ಬಿಟ್ಟುಕೊಟ್ಟಾಗ ಟಿವಿ ಕ್ಯಾಮರಾ ಮೊದಲು ಹುಡುಕುತ್ತಿದ್ದದ್ದು ಮೇಲೆ ಕೂತ ಅವರ ಮುಖವನ್ನೇ. ವಿದಾಯದ ದಿನ ಹೊಸ ಮ್ಯಾನೇಜರ ಬೆನ್ನಿಗೆ ನಿಲ್ಲಿ ಎಂದು ಮೈಕು ಹಿಡಿದು ಹೇಳಿದವರೂ ಅವರೇ ಎಂದು ಡಾಕ್ಟ್ರು ಪರವಾಗಿ ಸಾಕ್ಷ್ಯ ನುಡಿದರು.

"ಹೇಳೋದಕ್ಕೇನು, ಎಲ್ಲ ಅತ್ತೆಯರೂ ಹೇಳ್ತಾರೆ" ಎಂದಳು ಅಮ್ಮ ರೋಷದಿಂದ. "ಕೀಲಿಕೈ ಕೊಟ್ಟ ಮೇಲೆ ಕಾಶಿಗೋ ರಾಮೇಶ್ವರಕ್ಕೋ ಹೋಗಬೇಕು. ಅಡಿಗೆಮನೆ ಎದುರಿಗೆ ಕೂತು, ಸೊಸೆ ಹಾಕೋ ಉಪ್ಪು ಎಣಿಸ್ತಾ ಇದ್ರೆ ಯಾವ ಹೆಣ್ಣು ತಾನೇ ಬಾಳ್ತಾಳೆ?"

ಮನೆಯಲ್ಲಿ ಒಂದು ಕ್ಷಣ ಫ್ರಿಜ್ಜಿನ ಸದ್ದು ಮಾತ್ರ ಕೇಳಿತು. ಅಡಿಗೆಮನೆಯಿಂದ ಹೆಂಡತಿ ಹೋಳಿಗೆ ತಟ್ಟೆ ಹಿಡಿದು ಬಂದಳು. ಬೇಡವೆಂದರೂ ಅಮ್ಮನಿಗೆ ಎರಡು ಬಡಿಸಿ, ಮೇಲೆ ಮಿಳ್ಳೆ ತುಪ್ಪ ಹಾಕಿ, ಬಹಳ ನಯವಾಗಿ, "ಅತ್ತೆ, ನಿಮ್ಮ ಕುರ್ಚಿ ಚೂರು ಟಿವಿ ಕಡೆ ಹಾಕಿಕೊಡ್ಲಾ?" ಎಂದಳು.

"ಬೇಡಮ್ಮ. ಇಲ್ಲಿಂದಾದ್ರೆ ಎರಡೂ ಕಾಣುತ್ತೆ."

ಡಾಕ್ಟ್ರು ನೀರು ಕುಡಿಯುವಾಗ ಕೆಮ್ಮಿದರು.

ಮೂರು ವಾರ ಕಳೆದು, ಏಪ್ರಿಲ್ 20ರ ಈಸ್ಟರ್ ಭಾನುವಾರ, ಮೋಯ್ಸ್ ತನ್ನ ತಂಡವನ್ನು ಕಟ್ಟಿಕೊಂಡು ಗುಡಿಸನ್ನಿಗೇ ಬಂದ. ನಮಗೆ ಟಿಕೆಟ್ಟು ಸಿಗಲಿಲ್ಲ. ಟಿವಿಯಲ್ಲಿ ಗೋಲಾಗುವುದಕ್ಕೆ ಮೊದಲೇ ಕಿಟಕಿಯಿಂದ ಕೂಗು ಕೇಳಿಸುವ ಮನೆಯಲ್ಲಿ ಟಿಕೆಟ್ಟು ಯಾಕೆ ಬೇಕು? ನಮ್ಮ ಬೇನ್ಸ್ ಪೆನಾಲ್ಟಿಯಲ್ಲಿ ಒಂದು, ಮಿರಾಲಸ್ ಇನ್ನೊಂದು. 2-0. ಯುನೈಟೆಡ್ ಮುಂದಿನ ವರ್ಷದ ಚಾಂಪಿಯನ್ಸ್ ಲೀಗಿಗೆ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಮೋಯ್ಸ್ ಕೂತಲ್ಲಿಗೆ ಸರಿಯಾಗಿ ಹಿಂದೆ, ಪ್ರೇಕ್ಷಕರ ನಡುವೆ, ಕಪ್ಪು ನಿಲುವಂಗಿ ತೊಟ್ಟು ಪ್ಲಾಸ್ಟಿಕ್ಕಿನ ಉದ್ದ ಕುಡುಗೋಲು ಹಿಡಿದ ಒಬ್ಬ ಎದ್ದು ನಿಂತ. ಇದು ಇವರ ಯಮಧರ್ಮ ಕಣಮ್ಮ ಎಂದು ವಿವರಿಸಿದೆ.

"ಕೋಣ ಎಲ್ಲಿ?"

"ಇವರ ಯಮ ನಡ್ಕೊಂಡೇ ಬರ್ತಾನೆ."

"ಅದಕ್ಕೇ ಇಲ್ಲಿಯವರು ತೊಂಬತ್ತು ವರ್ಷ ಬದುಕ್ತಾರೆ" ಎಂದಳು. ಆದರೆ ಅವಳಿಗೆ ನಗು ಬರಲಿಲ್ಲ. ತವರಿನ ಅಂಗಳದಲ್ಲೇ, ತವರಿನವರೇ ಹೀಗೆ ಆಡಿಕೊಂಡು ನಗಬಾರದು ಎಂದು ಮಗನ ನೀಲಿ ಅಂಗಿಯನ್ನು ಅವತ್ತು ಬಲವಂತವಾಗಿ ಬಿಚ್ಚಿಸಿ ಒಗೆಯಲು ಹಾಕಿದಳು. ಮಂಗಳವಾರ ಬೆಳಿಗ್ಗೆ ಮೋಯ್ಸ್‌ನನ್ನು ತೆಗೆದುಹಾಕಿದರು. ಆರು ವರ್ಷದ ಒಪ್ಪಂದ ಹತ್ತು ತಿಂಗಳು ಬಾಳಿತು. ಡಾಕ್ಟ್ರು ಫೋನು ಮಾಡಿ, ಬೇಕಿತ್ತು ಅಂತಿದ್ದೆ, ಆದ ಮ್ಯಾಲೆ ಊಟ ಸೇರ್ತಿಲ್ರಿ ಎಂದರು. ಆ ಸಲ ಯುನೈಟೆಡ್ ಏಳನೆಯ ಸ್ಥಾನ, ಎವರ್ಟನ್ ಐದನೆಯದು. ಆ ವರ್ಷ ದಾವಣಗೆರೆಗಿಂತ ಹಾಸನ ಮೇಲಾಯಿತು.

ಅಮ್ಮ ಊರಿಗೆ ಮರಳಿದ ಮೇಲೂ ಕೇಸು ಮುಚ್ಚಲಿಲ್ಲ. ಆ ವರ್ಷದ ಕೊನೆಗೆ ಬಂದ ಫರ್ಡಿನೆಂಡನ ಆತ್ಮಕಥೆಯಲ್ಲಿ, ಪಂದ್ಯದ ಹಿಂದಿನ ರಾತ್ರಿ ಆಟಗಾರರು ತಿನ್ನುತ್ತಿದ್ದ ಆಲೂಗಡ್ಡೆ ಚಿಪ್ಸನ್ನು ಮೋಯ್ಸ್ ಬಂದವನೇ ನಿಲ್ಲಿಸಿದ ಎಂಬ ದೂರಿತ್ತು. ಸ್ಕೈಪಿನಲ್ಲಿ ಇದನ್ನು ಕೇಳಿ ಅಮ್ಮ ಹಣೆ ಚಚ್ಚಿಕೊಂಡಳು. "ಇದೇ ನೋಡು ಮೂಲ! ಬಂದ ವಾರಕ್ಕೇ ಕರಿದ ತಿಂಡಿ ನಿಲ್ಲಿಸಿದ್ರೆ ಯಾವ ಮನೆ ಒಪ್ಪುತ್ತೆ?" ನನ್ನ ಕೊಲೆಸ್ಟ್ರಾಲಿನ ನೆಪದಲ್ಲಿ ಆರು ವರ್ಷದಿಂದ ನಮ್ಮ ಮನೆಯಲ್ಲಿ ಬೋಂಡ ಕರಿಯದ ಹೆಂಡತಿ, ಲ್ಯಾಪ್‌ಟಾಪಿನ ಹಿಂದೆ ನಿಂತು, ಮುಂದೆ ಮಾತಾಡು ನೋಡೋಣ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ಮೋಯ್ಸ್ ಮಾಡಿದ್ದು ಆರೋಗ್ಯದ ದೃಷ್ಟಿಯಿಂದ ಸರಿ ಎಂದು ನಾನು ಹೇಳಿದೆ. ನನಗೂ ಸಂಸಾರವಿದೆ.

ಮತ್ತೆ ಅವನ ಸುದ್ದಿ ನಮ್ಮ ಮನೆಗೆ ಬಂದದ್ದು 2025ರ ಜನವರಿಯಲ್ಲಿ, ಎವರ್ಟನ್ ಅವನನ್ನೇ ವಾಪಸ್ ಕರೆಸಿಕೊಂಡಾಗ. ನೀಲಿ ಅಂಗಿಯ ಮಗ ಅಷ್ಟರಲ್ಲಿ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ, ಡಾಕ್ಟ್ರ ಮನೆಯಲ್ಲಿ ಭಾನುವಾರದ ಊಟ. ಅಮ್ಮನಿಗೆ ವಾಟ್ಸ್ಯಾಪಿನಲ್ಲಿ ಹೇಳಿದೆ.

"ಬರಿಗೈಲಿ ಬಂದ್ನಾ?"

"ಇಲ್ಲಮ್ಮ, 2023ರಲ್ಲಿ ವೆಸ್ಟ್ ಹ್ಯಾಮ್ ತಂಡಕ್ಕೆ ಯೂರೋಪಿನ ಒಂದು ಕಪ್ ಗೆದ್ದುಕೊಟ್ಟ."

"ಅದು ಅವರ ಮನೇಲೇ ಇದೆ ತಾನೆ? ಹಾಗಾದ್ರೆ ಬರಿಗೈಯೇ. ಇರಲಿ, ಆ ದೊಡ್ಡ ಮನೆಯವರು ಏನಾದ್ರು?"

ನಾಲ್ಕು ದಿನದ ಮಟ್ಟಿಗೆ ಬಂದುಹೋದವರನ್ನು ಬಿಟ್ಟು ಲೆಕ್ಕ ಹಾಕಿದೆ. ವಾನ್ ಗಾಲ್, ಮೊರಿನ್ಯೊ, ಸೋಲ್‌ಶಾರ್, ರಾಂಗ್ನಿಕ್, ಟೆನ್ ಹಾಗ್, ಆಗ ಇದ್ದ ಅಮೊರಿಮ್. ಮೋಯ್ಸ್ ಆದ ಮೇಲೆ ಆರು ಸೊಸೆಯರು, ಲೀಗ್ ಪ್ರಶಸ್ತಿ ಒಂದೂ ಇಲ್ಲ. ಅಮ್ಮ ಏನೂ ಹೇಳಲಿಲ್ಲ. ಗೆದ್ದ ವಕೀಲರ ಹಾಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಹೇಳಬೇಕಾಯಿತು. 1892ರಿಂದ ಇದ್ದ ಗುಡಿಸನ್ನಿನಲ್ಲಿ 18ನೇ ತಾರೀಕು ಗಂಡಸರ ತಂಡದ ಕೊನೆಯ ಪಂದ್ಯ. ಮುಂದೆ ಅವರಿಗೆ ಮರ್ಸಿ ನದಿ ದಂಡೆಯ ಹಳೇ ಹಡಗುಕಟ್ಟೆಯಲ್ಲಿ ಹೊಸ ಸ್ಟೇಡಿಯಂ. ಅವತ್ತು ಬೀದಿಯೆಲ್ಲ ನೀಲಿ ಹೊಗೆ, ಪಕ್ಕದ ಮನೆಯ ಮುದುಕ ಬೇಲಿ ಹಿಡಿದು ಅತ್ತ. ನಮ್ಮ ಕಾರಿಗೆ ಇನ್ನು ಜಾಗ ಸಿಗುತ್ತದೆ ಎಂಬುದು ನೆನಪಾಗಿ ನನಗೂ ಯಾಕೋ ಗಂಟಲು ಕಟ್ಟಿತು.

"ಪಾಪ, ತವರಿಗೆ ಬಂದ ನಾಲ್ಕು ತಿಂಗಳಿಗೆ ಮನೆನೇ ಖಾಲಿ ಮಾಡಿಸಿದ್ರಾ?" ಎಂದಳು ಅಮ್ಮ. "ಹಳೇ ಮನೆ ಕೆಡವ್ತಾರಾ?"

"ಇಲ್ಲಮ್ಮ. ಕೆಡವೋ ಯೋಚನೆ ಇತ್ತು, ಬಿಟ್ಟರು. ಹೆಣ್ಣುಮಕ್ಕಳ ತಂಡಕ್ಕೆ ಕೊಟ್ಟರು."

ಫೋನಿನಲ್ಲಿ ಅಮ್ಮನ ಮುಖ ದೊಡ್ಡದಾಯಿತು. ಸರಿಯಾಗಿ ಕೇಳಿಸಿಕೊಳ್ಳಲು ಹತ್ತಿರ ಬಂದಿರಬೇಕು.

"ಹೆಣ್ಣುಮಕ್ಕಳಿಗಾ? ಕೋರ್ಟಿಗೆ ಹೋಗದೇನೇ?"