ಸಾಲಿನ ಶಾನುಭೋಗರು

ಕೊಯಮತ್ತೂರಿನ ಅಂಗಡಿಯವನೊಬ್ಬ ಫೋನ್ ಮಾಡಿ, ಬಿಲ್ಲಿನಲ್ಲಿ ತೆರಿಗೆ ಎರಡೆರಡು ಸಲ ಬೀಳುತ್ತಿದೆ, ಗಿರಾಕಿಗಳು ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ ಎಂದು ಕೂಗಾಡಿದರೆ, ಏನು ಕೆಟ್ಟಿದೆ ಎಂದು ನೋಡುವವರು ಲೋಕದಲ್ಲಿ ಬಹಳ ಜನ ಇದ್ದಾರೆ. ನಮ್ಮ ಶಾನುಭೋಗರು ಆ ಪೈಕಿ ಅಲ್ಲ. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಇಡೀ ಮಹಡಿಗೆ ಕೇಳುವಂತೆ ಒಂದೇ ಪ್ರಶ್ನೆ ಹಾಕುತ್ತಾರೆ: "ಇದು ಯಾರ್ ಎಳುದಿನದು?" ಇದನ್ನು ಬರೆದವರು ಯಾರು? ಅಂಗಡಿಯವನು ಲೈನಿನಲ್ಲಿ ಕಾಯುತ್ತಿರುತ್ತಾನೆ.

ಶಾನುಭೋಗರೆಂಬುದು ನಾನಿಟ್ಟ ಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ನನಗಿಲ್ಲ. ತಿಪಟೂರಿನ ಕಡೆಯವರು. ತರಮಣಿಯಲ್ಲಿ ಟೈಡೆಲ್ ಪಾರ್ಕ್ ತೆರೆದ 2000ದ ಹೊತ್ತಿಗೆ ಇಲ್ಲಿಗೆ ಬಂದವರು. ಊರು 1996ರಲ್ಲೇ ಚೆನ್ನೈ ಆಗಿದ್ದರೂ ಅವರ ಬಾಯಲ್ಲಿ ಅದು ಇನ್ನೂ ಮದ್ರಾಸೇ. ಓಎಂಆರ್‌ನಲ್ಲಿರುವ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಆಫೀಸಿನ ತಮಿಳರೂ ಬೆನ್ನ ಹಿಂದೆ ಅವರನ್ನು 'ಕಣಕ್ಕುಪ್ಪಿಳ್ಳೈ', ಅಂದರೆ ತಮಿಳಿನ ಶಾನುಭೋಗ, ಅನ್ನುತ್ತಾರೆಂದು ತಿಳಿದಾಗ ನನಗೆ ಪರಮ ಸಂತೋಷವಾಯಿತು. ಯಾವ ಸರ್ವೆ ನಂಬರು ಯಾರ ಹೆಸರಲ್ಲಿದೆ, ಖಾತೆ ಯಾವಾಗ ಬದಲಾಯಿತು ಎಂಬುದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಊರನ್ನು ನಡುಗಿಸುತ್ತಿದ್ದ ಆ ಹುದ್ದೆಯನ್ನು ಆಗಿನ್ನೂ ಮೈಸೂರಾಗಿದ್ದ ಕರ್ನಾಟಕ 1961ರ ಕಾಯ್ದೆಯಿಂದ ರದ್ದು ಮಾಡಿತು. ತಮಿಳುನಾಡಿನಲ್ಲಿ ಎಂ.ಜಿ.ಆರ್. 1980ರಲ್ಲಿ ಸುಗ್ರೀವಾಜ್ಞೆಯಿಂದಲೇ ಮುಗಿಸಿದರು. ಎರಡು ಸರ್ಕಾರಗಳು ಇಷ್ಟು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನು ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆದು ಮತ್ತೆ ತೆರೆದುಬಿಟ್ಟ.

ಗಿಟ್ ಎಂದರೆ ಕೋಡಿನ ಕಡತ. ಒಂದು ಸಾಲನ್ನು ತಿದ್ದಿದರೂ ಯಾರು, ಯಾವಾಗ, ಯಾಕೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಅದರಲ್ಲಿ ಬ್ಲೇಮ್ ಎಂಬ ಒಂದು ಆಜ್ಞೆಯುಂಟು. ಕೊಟ್ಟರೆ ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಕೊನೆಯದಾಗಿ ಮುಟ್ಟಿದವರ ಹೆಸರು ಬರುತ್ತದೆ. ಶಾನುಭೋಗರು ಮೊದಲು ಕೋಡ್ ಬರೆಯಲು ಈಮ್ಯಾಕ್ಸ್ ಎಂಬ ಎಡಿಟರ್ ಬಳಸುತ್ತಿದ್ದರು. ಅಲ್ಲಿ ಇದೇ ವಿದ್ಯೆಗೆ ಬಣ್ಣವೂ ಇತ್ತು: ಹೊಸದಾಗಿ ತಿದ್ದಿದ ಸಾಲು ಕೆಂಪು, ಹಳತಾಗುತ್ತ ಹೋದಂತೆ ನೀಲಿ. ಪರದೆ ಕೆಂಪಾಯಿತೆಂದರೆ ಅವರ ಮುಖವೂ ಕೆಂಪಾಗುತ್ತಿತ್ತು. ಆಮೇಲೆ ಹುಡುಗರ ಒತ್ತಾಯಕ್ಕೆ ವಿಎಸ್ ಕೋಡ್‌ಗೆ ಬಂದರು, ಯಾರೋ ಪುಣ್ಯಾತ್ಮರು ಅದಕ್ಕೆ ಗಿಟ್‌ಲೆನ್ಸ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಟ್ಟರು. ಈಗ ಕರ್ಸರು ಯಾವ ಸಾಲಿನ ಮೇಲೆ ನಿಂತರೂ ಸಾಲಿನ ತುದಿಯಲ್ಲಿ ಬೂದು ಅಕ್ಷರದಲ್ಲಿ ಹೆಸರು, ಎಷ್ಟು ಕಾಲದ ಹಿಂದೆ, ಏನು ಕಾರಣ, ಎಲ್ಲವೂ ತಾನಾಗಿ ಮೂಡುತ್ತದೆ. ಆವತ್ತಿನಿಂದ ಅವರು ಕೋಡ್ ಓದಿದ್ದನ್ನು ನಾನು ಕಂಡಿಲ್ಲ, ಬರೀ ಬಾಲ ಓದುತ್ತಾರೆ. ಸಾಲು ನಮ್ಮದೇ ಆಗಿದ್ದರೆ ಗಿಟ್‌ಲೆನ್ಸ್ ಹೆಸರು ಹಾಕುವುದಿಲ್ಲ, 'ನೀನೇ' ಎಂಬರ್ಥದಲ್ಲಿ 'ಯೂ' ಎನ್ನುತ್ತದೆ. ಈ ಸೌಜನ್ಯ ಶಾನುಭೋಗರಿಗೆ ಬಹಳ ಹಿಡಿಸಿದೆ.

ನಾನೂ ಸುಮ್ಮನೆ ಕೂತವನಲ್ಲ. ನನ್ನ ಹಳೆಯ ಸಾಲುಗಳ ಮೇಲೆ ಯಾರಾದರೂ ಒಂದು ಸ್ಪೇಸ್ ಒತ್ತಿ ಹೆಸರು ತಮ್ಮ ಮೇಲೆ ಹಾಕಿಕೊಳ್ಳಲಿ ಎಂದು ವಡಪಳನಿ ಮುರುಗನಿಗೆ ಹರಕೆ ಹೊತ್ತಿದ್ದೆ. ಒಬ್ಬ ಸಾಧು ಹುಡುಗ ಹಾಗೆ ಮಾಡಿಯೂ ಮಾಡಿದ. ಶಾನುಭೋಗರು ಆಜ್ಞೆಗೆ ಒಂದು ಡಬ್ಲ್ಯೂ ಸೇರಿಸಿದರು. ಸ್ಪೇಸಿನ ಬದಲಾವಣೆಯೆಲ್ಲ ಆವಿಯಾಗಿ ಕೆಳಗಿನಿಂದ ನಾನೇ ಎದ್ದು ಬಂದೆ. ಸಾಲನ್ನು ಬೇರೆ ಫೈಲಿಗೆ ಸಾಗಿಸಿ ನೋಡಿದೆ. ಅದಕ್ಕೂ ಒಂದು ಸಿ ಇದೆಯಂತೆ, ಎಲ್ಲಿಂದ ಎತ್ತಿ ತಂದದ್ದು ಎಂಬುದನ್ನೂ ಹಿಡಿದುಕೊಡುತ್ತದೆ. "ರೀ ಸ್ವಾಮಿ, ನೀವು ಎಲ್ಲಿ ಹೋದರೂ ನಿಮ್ಮ ಸಾಲು ನಿಮ್ಮನ್ನ ಬಿಡೋಲ್ಲ" ಎಂದು ನಕ್ಕರು. ಕನ್ನಡದಲ್ಲಿ ಹೇಳಿದ್ದರಿಂದ ಮಾನ ಉಳಿಯಿತು.

ಆದರೆ ನಿಜವಾಗಿ ಅನುಭವಿಸಿದವಳು ಹಾಸನದ ಹುಡುಗಿ. ಕಾಲೇಜು ಮುಗಿಸಿ ಬಂದ ಮೊದಲ ವಾರ ಅವಳಿಗೆ ಕೊಟ್ಟ ಕೆಲಸ ಇಷ್ಟೇ: ಎಲ್ಲ ಫೈಲುಗಳ ಮೇಲೂ ಫಾರ್ಮ್ಯಾಟರ್ ಓಡಿಸಿ ಸಾಲುಗಳನ್ನು ಒಂದೇ ಅಳತೆಗೆ ತರುವುದು. ಗುಂಡಿ ಒತ್ತಿದಳು, ಕೋಡು ಲಕ್ಷಣವಾಯಿತು, ಸಾವಿರಾರು ಸಾಲುಗಳು ರಾತ್ರೋರಾತ್ರಿ ಅವಳ ಹೆಸರಿಗೆ ಖಾತೆಯಾದವು. ಸಾಲುಗಳು ಮುರಿದು ಬೇರೆ ಬೇರೆಯಾಗಿ ಕೂತಿದ್ದರಿಂದ ಡಬ್ಲ್ಯೂ ಮಂತ್ರವೂ ಪೂರ್ತಿ ಕೆಲಸ ಮಾಡಲಿಲ್ಲ. ಮಾರನೆಯ ದಿನದಿಂದ ಶಾನುಭೋಗರ ಕೂಗೆಲ್ಲ ಅವಳ ಕಡೆಗೆ. "ಏನಮ್ಮಾ, ಈ ವ್ಯಾಟ್ ರೌಂಡಿಂಗ್ ಹೀಗ್ಯಾಕೆ ಬರ್ದಿದ್ದೀಯ?" ವ್ಯಾಟ್ ಹೋಗಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ, ಆಗ ಈ ಹುಡುಗಿ ಪಿಯುಸಿಯಲ್ಲಿದ್ದಳು. ಹಾಗೆಂದು ಹೇಳಿದಳು ಕೂಡ. ಶಾನುಭೋಗರು ಪರದೆ ತೋರಿಸಿದರು. ಅಲ್ಲಿ ಅವಳ ಹೆಸರಿತ್ತು. ಸರ್ಕಾರಿ ಪುಸ್ತಕದಲ್ಲಿ ಇದ್ದಮೇಲೆ ಮುಗಿಯಿತಲ್ಲ.

ಅವಳು ಅಳುತ್ತಾಳೆಂದು ನಾವು ಕಾದೆವು. ಅವಳು ಅಳಲಿಲ್ಲ, ಪ್ರತಿ ಪ್ರಶ್ನೆಗೂ "ನಾಳೆ ಹೇಳ್ತೀನಿ ಸಾರ್" ಎಂದು ಹೋಗಿ ಹಳೆಯ ಕೋಡನ್ನೆಲ್ಲ ಕೂತು ಓದಿದಳು. ವರ್ಷ ಕಳೆಯುವಷ್ಟರಲ್ಲಿ ಸತ್ತುಹೋದ ವ್ಯಾಟಿನ ಬಗ್ಗೆ ಚೆನ್ನೈನಲ್ಲಿ ಅವಳಷ್ಟು ತಿಳಿದವರು ವಾಣಿಜ್ಯ ತೆರಿಗೆ ಇಲಾಖೆಯಲ್ಲೂ ಇರಲಿಲ್ಲ ಎಂದು ನನ್ನ ಅಂದಾಜು. ಆಮೇಲೆ ಯಾರೋ ಶಾನುಭೋಗರಿಗೆ ಒಂದು ಸೌಕರ್ಯ ತೋರಿಸಿದರು. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23ರಿಂದ ಇಂಥ ಬದಲಾವಣೆಯ ನಲವತ್ತು ಅಕ್ಷರದ ಗುರುತನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಆ ಫೈಲನ್ನು ತೋರಿಸಿದರೆ ಬ್ಲೇಮ್ ಆ ಬದಲಾವಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟು ಕಾಲದಿಂದ ಇದ್ದ ಅನುಕೂಲ, ನಮ್ಮಲ್ಲಿ ಯಾರೂ ಹುಡುಕಿರಲಿಲ್ಲ. ಶಾನುಭೋಗರು ಗುರುತು ನಮೂದಿಸಿದರು, ಹುಡುಗಿ ಬಿಡುಗಡೆಯಾದಳು. ಏನೂ ಪ್ರಯೋಜನವಾಗಲಿಲ್ಲ. ಜನ ಈಗಲೂ ಅವಳನ್ನೇ ಕೇಳುತ್ತಾರೆ. ಉತ್ತರ ಗೊತ್ತಿರುವುದು ಅವಳೊಬ್ಬಳಿಗೇ.

ಆಫೀಸಿನ ಹೊರಗೂ ಶಾನುಭೋಗರದು ಇದೇ ಚಾಳಿ ಎಂದು ಅವರ ಮನೆಯವರೇ ಹೇಳುತ್ತಾರೆ. ಮೇಡವಾಕ್ಕಂನ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕ್ ತುಂಬಿ ಹರಿದರೆ ಮೋಟಾರು ಆರಿಸುವುದಕ್ಕಿಂತ ಮೊದಲು ಸ್ವಿಚ್ ಹಾಕಿದವರ ವಿಚಾರಣೆ. ಮದುವೆ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವರ ಪೈಕಿ ಕೊನೆಗೆ ಸೌಟು ಹಿಡಿದವನು ಯಾರು ಎಂಬುದು ತಿಳಿಯಬೇಕು.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು. ನಾವೆಲ್ಲ ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ 'ಫಿಕ್ಸ್', 'ಫೈನಲ್ ಫಿಕ್ಸ್' ಎಂದು ಗೀಚಿ ಟೀ ಅಂಗಡಿಗೆ ಓಡುವವರು. ಶಾನುಭೋಗರು ಕಾಗದ ಬರೆದಂತೆ ಬರೆಯುತ್ತಾರೆ. 2015ರ ಡಿಸೆಂಬರ್ ಮೊದಲ ವಾರ ಅಡಯಾರು ಹೊಳೆ ಉಕ್ಕಿ ಊರು ಮುಳುಗಿದ್ದಾಗಿನ ಅವರದೊಂದು ಟಿಪ್ಪಣಿ ಇನ್ನೂ ಇದೆ: ಕರೆಂಟಿಲ್ಲ, ಬ್ಯಾಟರಿ ಇರುವಷ್ಟು ಮಾಡಿದ್ದೇನೆ, ರಸೀದಿ ಮುದ್ರಣದ ಭಾಗ ಬಾಕಿ, ಯಾರಾದರೂ ಮುಂದುವರಿಸಿ. ಗಿಟ್‌ಗೆ ಬರೆದಿಡಲು ಇಂಟರ್ನೆಟ್ ಬೇಡ, ನಮ್ಮ ಯಂತ್ರದಲ್ಲೇ ದಾಖಲಾಗುತ್ತದೆ. ನೆಟ್ ಬಂದ ಮೇಲೆ ಕಳಿಸಿದರಾಯಿತು. ನೀರು ಮನೆಯ ಮೆಟ್ಟಿಲಲ್ಲಿದ್ದಾಗ ಈ ಮನುಷ್ಯ ಮುಂದಿನವನಿಗೆ ದಾರಿ ಬರೆದಿಡುತ್ತಿದ್ದರು. ನಡುರಾತ್ರಿ ಏನಾದರೂ ಕೆಟ್ಟು ನಾವು ಕತ್ತಲಲ್ಲಿ ತಡಕುವಾಗ ಕೈಗೆ ಸಿಗುವುದು ಇಂಥ ಟಿಪ್ಪಣಿಗಳೇ. ಬೂದು ಬಾಲಗಳಲ್ಲಿರುವ ಹೆಸರುಗಳಲ್ಲಿ ಅರ್ಧ ಜನ ಈಗ ಟೊರಾಂಟೊದಲ್ಲೋ ಸಿಂಗಪುರದಲ್ಲೋ ಇದ್ದಾರೆ. ಅವರು ಯಾರು, ಯಾವ ಪರೋಟಾ ಅಂಗಡಿಗೆ ಹೋಗುತ್ತಿದ್ದರು ಎಂದು ಹೊಸ ಹುಡುಗರಿಗೆ ಹೇಳಬಲ್ಲವರು ಶಾನುಭೋಗರೊಬ್ಬರೇ.

ಹೋದ ವರ್ಷ ನಮ್ಮ ಮ್ಯಾಡಂ ನಿವೃತ್ತರಾದರು. ಮೈಲಾಪುರದವರು, ಮಾತು ಕಡಿಮೆ. ಬೀಳ್ಕೊಡುಗೆಯ ಭಾಷಣ ಶಾನುಭೋಗರ ಪಾಲಿಗೆ ಬಂತು. ಆಕೆ ಬರೆದ ಕೋಡಿನ ಬಗ್ಗೆ ನಾಲ್ಕು ಮಾತು ಆಡೋಣವೆಂದು ಹಿಂದಿನ ರಾತ್ರಿ ಬ್ಲೇಮ್ ತೆರೆದು ಹುಡುಕಿದರೆ ಮ್ಯಾಡಂ ಹೆಸರೇ ಇಲ್ಲ. ಅಲ್ಲೊಂದು ಇಲ್ಲೊಂದು ಸಾಲು, ಅಷ್ಟೆ. ಶಾನುಭೋಗರು ಕಂಗಾಲಾದರು. ಇಷ್ಟು ವರ್ಷ ಆಕೆ ಮಾಡಿದ್ದೇನು?

ಆಕೆ ಮಾಡಿದ್ದು ಅಳಿಸುವ ಕೆಲಸ. ಬೇಡದ ಕೋಡು, ಎರಡೆರಡು ಸಲ ಬರೆದದ್ದು, ಯಾರೂ ಕರೆಯದ ಫಂಕ್ಷನ್ನುಗಳು, ಎಲ್ಲವನ್ನೂ ಸದ್ದಿಲ್ಲದೆ ಕಿತ್ತು ಹಸನು ಮಾಡುತ್ತಿದ್ದರು. ಬ್ಲೇಮ್ ತೋರಿಸುವುದು ಇರುವ ಸಾಲುಗಳನ್ನು ಮಾತ್ರ. ಇಲ್ಲದ ಸಾಲಿಗೆ ಪಕ್ಕ ಎಲ್ಲಿ, ಪಕ್ಕದಲ್ಲಿ ಹೆಸರೆಲ್ಲಿ? ಇಷ್ಟು ಸರಳ ಸಂಗತಿ ಶಾನುಭೋಗರಿಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲವೆಂಬುದು ನನಗೆ ಆಶ್ಚರ್ಯ. ನನಗೂ ಹೊಳೆದಿರಲಿಲ್ಲ, ಆ ಮಾತು ಬೇರೆ. ಅವರು ಗಿಟ್‌ನ ಲಾಗ್ ತೆಗೆದು, ಮ್ಯಾಡಂ ಹೆಸರಿನ ಬದಲಾವಣೆಗಳನ್ನೆಲ್ಲ ಹೆಕ್ಕಿ, ಸೇರಿಸಿದ್ದೆಷ್ಟು ತೆಗೆದದ್ದೆಷ್ಟು ಎಂದು ಬೆಳಗಾಗುವವರೆಗೆ ಕೂಡಿದರು. ಸಭೆಯಲ್ಲಿ ಬೊಂಡಾ ತಣ್ಣಗಾಗುವಷ್ಟು ಹೊತ್ತು ಓದಿದರು. ಗಂಟಲು ಎರಡು ಕಡೆ ಕಟ್ಟಿತು. ಈ ಆಫೀಸಿನ ಯಾವ ಸಾಲಿನಲ್ಲೂ ಇಲ್ಲದವರು ಪ್ರತಿ ಸಾಲಿನಲ್ಲೂ ಇದ್ದಾರೆ ಎಂಬಂಥ ಏನೋ ಮಾತೂ ಬಂತು. ತಮಿಳಿನಲ್ಲಿ ಚೆನ್ನಾಗಿ ಕೇಳಿಸಿತು.

ಮ್ಯಾಡಂ ಎದ್ದು ಕೈಮುಗಿದರು. ಬಹಳ ಯೋಚಿಸಿ ಒಂದೇ ಮಾತು ಆಡಿದರು: "ಅದುಲ ಪಾದಿ ನೀಂಗ ಎಳುದಿನದು, ಸಾರ್." ಅದರಲ್ಲಿ ಅರ್ಧ ನೀವು ಬರೆದದ್ದೇ.

ಸಭೆ ಬಿದ್ದು ಬಿದ್ದು ನಕ್ಕಿತು, ಶಾನುಭೋಗರೂ ನಕ್ಕರು. ಬೊಂಡಾ ಮುಗಿಸಿ ನೇರವಾಗಿ ಸೀಟಿಗೆ ಹೋಗಿ, ಮ್ಯಾಡಂ ಅಳಿಸುವುದಕ್ಕೆ ಹಿಂದಿನ ಆವೃತ್ತಿಗಳನ್ನು ಒಂದೊಂದಾಗಿ ತೆರೆದು ಬ್ಲೇಮ್ ಹಾಕುತ್ತ ಕೂತರು. ಸಂಜೆ ನನ್ನ ಬಳಿ ಬಂದು, ಯಾರಿಗೂ ಹೇಳಬೇಡಿ ಎಂದು, ಕನ್ನಡದಲ್ಲಿ ಹೇಳಿದರು: "ಅರ್ಧಕ್ಕಿಂತ ಸ್ವಲ್ಪ ಜಾಸ್ತೀನೇ ಇದೆ ಕಣ್ರೀ."